ಎಂಟು ಬೆರಳಿನ ಪಿಯಾನೊ

ಗಣಿಯೂರು, ಎರಡನೆಯ ಮಟ್ಟ
ಇಳಿತದ ನೂರ ಹದಿನೆಂಟನೆಯ ವರ್ಷ, ಹುರುಳಿ ಕೊಯ್ಲಿನ ತಿಂಗಳು, ತೂಕದ ಮರುದಿನ

ಶ್ರೀಮತಿ ಎಸ್ತರ್ ಕಮಲಾ ಅವರಿಗೆ ಚೌಡರತ್ನ ಮಾಡುವ ವಂದನೆಗಳು.

ಮೇಲಿನ ತಾರೀಖನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಅದು ಅಲ್ಲಿಲ್ಲ. ನಿಮಗೂ ನಮಗೂ ನಡುವೆ ಎಷ್ಟು ತಲೆಮಾರು ಕಳೆದವು ಎಂಬ ವಿಷಯದಲ್ಲಿ ನಮ್ಮೂರಿನಲ್ಲೇ ಮೂರು ಪಕ್ಷಗಳಿವೆ. ಮೂರೂ ಪಕ್ಷದವರು ಸಿಕ್ಕಲ್ಲೆಲ್ಲ ಜಗಳವಾಡುತ್ತಾರೆ. ನನಗೆ ಆ ಜಗಳದಲ್ಲಿ ಆಸಕ್ತಿ ಹೋಗಿ ಬಹಳ ಕಾಲವಾಯಿತು. ನನ್ನ ಮಾತು ಅಲ್ಲಲ್ಲಿ ನಿಮಗೆ ವಿಚಿತ್ರವೆನಿಸಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಿಮ್ಮ ಕಾಲದವರ ಬರಹದ ಕನ್ನಡವನ್ನು ಕಲಿತುಕೊಂಡೇ ಬರೆಯುತ್ತಿದ್ದೇನೆ. ಆದರೂ ನಿಮ್ಮಲ್ಲಿಲ್ಲದ ವಸ್ತುಗಳನ್ನು ನಮ್ಮ ಹೆಸರಿನಿಂದಲೇ ಕರೆಯಬೇಕಾಗುತ್ತದೆ. ಅಂಥವು ಬಂದಾಗ ಬಿಡಿಸಿ ಹೇಳುತ್ತೇನೆ.

ಮೊದಲು ಈ ಕಾಗದವೇ ಏನೆಂದು ಹೇಳಬೇಕು. ಇದಕ್ಕೆ ನಾವು ಒಪ್ಪಿಸೋಲೆ ಎನ್ನುತ್ತೇವೆ. ಹಿಂದಿನವರು ಮಾಡಿಟ್ಟದ್ದನ್ನು ಕಾಪಾಡಿಕೊಂಡು ಬಂದು, ಒಂದು ದಿನ ಕೈಬಿಡಬೇಕಾಗಿ ಬಂದರೆ, ಅದನ್ನು ಮಾಡಿದವರಿಗೆ ಸುದ್ದಿ ಮುಟ್ಟಿಸುವುದು ಕಾಪಾಡಿದವರ ಕರ್ತವ್ಯ. ಊರಿಂದೂರಿಗೆ ಸಾವಿನ ಸುದ್ದಿ ಹೇಳಿಕಳಿಸುತ್ತಾರಲ್ಲ, ಹಾಗೆ. ಓಲೆಯನ್ನು ಆ ವಸ್ತು ಹುಟ್ಟಿದ ದಿನದ ಹಿಂದಿನ ದಿನಕ್ಕೆ ತಲುಪುವಂತೆ ಬರೆಯಬೇಕೆಂದು ನಿಯಮ. ಮಾಡಿ ಮುಗಿಸಿದ ಮೇಲೆ ಹೇಳಿ ಏನು ಪ್ರಯೋಜನ ಎಂಬುದು ನಮ್ಮ ಹಿರಿಯರ ವಾದ. ಬರೆದ ಓಲೆಗೆ ಕಲ್ಲು ಕಟ್ಟಿ ಒಂದು ಹಳೆಯ ಪಾಳು ಗಣಿಬಾವಿಗೆ ಹಾಕುತ್ತೇವೆ. ಅದು ಕೆಳಗೆ ಬಿದ್ದ ಸದ್ದು ಇದುವರೆಗೆ ಯಾರಿಗೂ ಕೇಳಿಸಿಲ್ಲ, ಆದ್ದರಿಂದ ತಲುಪಿದೆ ಎಂದೇ ನಮ್ಮ ತೀರ್ಮಾನ. ನಗಬೇಡಿ. ನಿಮ್ಮ ಕಾಲದಲ್ಲಿ ಇದಕ್ಕಿಂತ ವಿಚಿತ್ರವಾದದ್ದನ್ನು ಎಷ್ಟೋ ಜನ ನಂಬಿದ್ದರಂತೆ.

ಸುದ್ದಿ ಇದು. ನಾಳೆ ನೀವು ನಿಮ್ಮ ತಂದೆ ಡೆಸ್ಮಂಡ್ ಜ್ಞಾನಮುತ್ತು ಅವರನ್ನು ಸಭಾಂಗಣದಲ್ಲಿ ಪಿಯಾನೊ ಮುಂದೆ ಕೂರಿಸಿ ತೆಗೆಯಲಿರುವ ಚಲಿಸುವ ಚಿತ್ರ ಇನ್ನಿಲ್ಲ. ನಿನ್ನೆಯ ತೂಕದಲ್ಲಿ ಅದು ಹೋಯಿತು. ನಾಲ್ಕು ತಲೆಮಾರು ಅದನ್ನು ಹೊತ್ತೆವು, ಕಡೆಯವಳು ನಾನು. ಕಡೆಯವಳು ಎಂದು ಬರೆಯುವಾಗ ಅಳು ಬರುತ್ತದೆ ಎಂದುಕೊಂಡಿದ್ದೆ. ಸುಸ್ತು ಮಾತ್ರ ಇದೆ.

ನಾವಿರುವುದು ನಿಮ್ಮೂರಿನ ಕೆಳಗೇ, ಕೋಲಾರದ ಚಿನ್ನದ ಗಣಿಗಳಲ್ಲಿ. ಚಿನ್ನಕ್ಕಾಗಿ ಅಲ್ಲ, ಅದು ನಿಮ್ಮ ಕಾಲಕ್ಕೇ ಮುಗಿದಿತ್ತಂತೆ. ನಾವು ಬಂದದ್ದು ನೆರಳಿಗಾಗಿ. ಮೇಲಿನ ಬಿಸಿಲು ಮನುಷ್ಯರು ತಡೆಯುವಂಥದ್ದಾಗಿ ಉಳಿಯದೆ ಹೋದಾಗ ನಮ್ಮ ಹಿರಿಯರು ಹಳೆಯ ಸುರಂಗಗಳ ನೀರು ಬಸಿದು ಒಳಗೆ ಇಳಿದರು, ಆ ವರ್ಷದಿಂದ ನಮ್ಮ ಎಣಿಕೆ. ತೀರ ಆಳಕ್ಕೆ ಹೋದರೆ ಬಂಡೆಯೇ ಬಿಸಿ, ಆದ್ದರಿಂದ ಮೇಲಿನ ಕೆಲವು ಮಟ್ಟಗಳಲ್ಲಿ ಮಾತ್ರ ಊರು. ಹೊತ್ತು ಹುಟ್ಟುವಾಗ ಗಂಟೆ ಬಾರಿಸುತ್ತಾರೆ, ಮಕ್ಕಳು ಮರಿ ಮೇಕೆ ಸಮೇತ ಎಲ್ಲರೂ ಒಳಗೆ. ಹೊತ್ತು ಮುಳುಗುವಾಗ ಮತ್ತೆ ಗಂಟೆ. ಮೇಲೆ ಬಂದು ಹುರುಳಿಗೂ ರಾಗಿಗೂ ನೀರು ಬಿಟ್ಟು, ಹುಣಸೆ ಮರದ ಕೆಳಗೆ ಕೂತು ಊರ ಸುದ್ದಿಯೆಲ್ಲ ಮಾತಾಡಿ, ಬೆಳಗಾಗುವ ಮೊದಲು ಇಳಿಯುತ್ತೇವೆ. ಮುದ್ದೆ ಇನ್ನೂ ಉಂಟು, ಬಸ್ಸಾರು ಉಂಟು. ಅನ್ನವನ್ನು ಮದುವೆಯಲ್ಲಿ ಕಾಣುತ್ತೇವೆ. ಗಾಳಿಯಿಂದ ಬರುವ ಕರೆಂಟಿನಲ್ಲಿ ಬಹುಪಾಲು ನೀರೆತ್ತುವ ಪಂಪುಗಳಿಗೆ ಹೋಗುತ್ತದೆ, ಏಕೆಂದರೆ ಪಂಪು ನಿಂತರೆ ಊರು ಮುಳುಗುತ್ತದೆ. ಉಳಿದ ಚೂರುಪಾರಿಗೆ ಆಸ್ಪತ್ರೆಯವರೂ ಶಾಲೆಯವರೂ ನಾವೂ ಕಿತ್ತಾಡುತ್ತೇವೆ.

ನಾವು ಎಂದರೆ ಹೊರೆಗಾರರು. ಹಿಂದಿನ ಕಾಲದ ಚಿತ್ರ, ಧ್ವನಿ, ಬರಹ ಇವುಗಳಲ್ಲಿ ಉಳಿದಷ್ಟನ್ನು ಒಂದು ಯಂತ್ರದಲ್ಲಿ ಇಟ್ಟಿದ್ದಾರೆ, ಅದನ್ನು ನೆನೆಗಲ್ಲು ಎಂದು ಕರೆಯುತ್ತೇವೆ. ನೋಡಲು ಅರೆಯುವ ಕಲ್ಲಿನ ಹಾಗೇ ಇದೆ. ಅಂಥ ಕಲ್ಲನ್ನು ಮಾಡುವ ವಿದ್ಯೆ ಈಗ ಯಾರಿಗೂ ತಿಳಿಯದು. ಅದರ ಒಂದೊಂದೇ ಮೂಲೆ ಸಾಯುತ್ತಾ ಬರುತ್ತಿದೆ, ಒಂದು ಮೂಲೆ ಸತ್ತಾಗಲೆಲ್ಲ ಒಳಗಿರುವುದರಲ್ಲಿ ಒಂದನ್ನು ಅಳಿಸಿ ಜಾಗ ಮಾಡಬೇಕು. ಯಾವುದನ್ನು ಎಂದು ತೀರ್ಮಾನಿಸುವ ಸಭೆಯೇ ತೂಕ. ಉಪಯೋಗ ನೋಡಿ ಆರಿಸೋಣವೆಂದರೆ ಹೊಡೆದಾಟವೇ ಆದೀತು ಎಂದು ಹಿರಿಯರು ಬೇರೊಂದು ಕ್ರಮ ಮಾಡಿದರು. ಕಲ್ಲಿನಲ್ಲಿರುವ ಒಂದೊಂದಕ್ಕೂ ಊರಿನಲ್ಲಿ ಒಬ್ಬ ಹೊರೆಗಾರ ಇರಬೇಕು. ಅವನು ಅದನ್ನು ತನ್ನ ಮೈಯಲ್ಲಿ ಹೊತ್ತಿರಬೇಕು. ಎಂದರೆ ಹಾಡಾದರೆ ಹಾಡಬೇಕು, ನೇಯುವುದಾದರೆ ನೇಯಬೇಕು. ತೂಕದ ದಿನ ಗೋಡೆಯ ಮೇಲೆ ಚಿತ್ರ ಓಡುತ್ತದೆ, ಅದರ ಮುಂದೆ ಹೊರೆಗಾರ ಅದನ್ನೇ ಮಾಡಿ ತೋರಿಸುತ್ತಾನೆ. ಹೆಚ್ಚುಕಡಿಮೆಯಾದರೆ ಚೆಲ್ಲಿತು ಎನ್ನುತ್ತಾರೆ. ಚೀಟಿ ಎತ್ತಿ ಆರಿಸಿದ ಇಬ್ಬರಲ್ಲಿ ಹೆಚ್ಚು ಚೆಲ್ಲಿದವರದ್ದು ಅಳಿಯುತ್ತದೆ.

ನಿಮ್ಮ ಚಿತ್ರದಲ್ಲಿ ಮಾತಿಲ್ಲ. ಮೊದಲಿಗೆ ಬಿಳಿಯ ಅಕ್ಷರದಲ್ಲಿ ತಂದೆಯವರ ಹೆಸರು, ಇದು ಅವರು ಒಬ್ಬರೇ ನುಡಿಸಿದ ಕೊನೆಯ ಕಚೇರಿ ಎಂಬ ಒಂದು ಸಾಲು, ಕೆಳಗೆ ನಿಮ್ಮ ಹೆಸರು. ಆಮೇಲೆ ಖಾಲಿ ಕುರ್ಚಿಗಳ ಸಭಾಂಗಣ. ಕಂದು ಬಣ್ಣದ ಪಿಯಾನೊ. ಬೂದು ಸ್ವೆಟರಿನಲ್ಲಿ ಮೆಲ್ಲಗೆ ನಡೆದು ಬಂದು ಕೂರುವ ನಿಮ್ಮ ತಂದೆ. ಅವರ ಗಡಿಯಾರ ಸಡಿಲವಾಗಿ ಮಣಿಕಟ್ಟಿನಿಂದ ಮೊಣಕೈ ಕಡೆಗೆ ಜಾರುತ್ತದೆ. ಒಂದಾದ ಮೇಲೊಂದು ಏಳು ಮಟ್ಟು ನುಡಿಸುತ್ತಾರೆ. ನಾಲ್ಕನೆಯದಾದ ಮೇಲೆ ಒಂದು ಹೆಂಗಸಿನ ಕೈ ಪಕ್ಕದಿಂದ ನೀರಿನ ಲೋಟ ಚಾಚುತ್ತದೆ. ಅದು ನಿಮ್ಮದೇ ಕೈ ಎಂದು ನಮ್ಮ ಅಂದಾಜು. ಕೊನೆಯ ಮಟ್ಟು ಮುಗಿದ ಮೇಲೆ ಅವರು ಮುಚ್ಚಳ ಹಾಕಿ ಅದರ ಮೇಲೆ ಎರಡೂ ಕೈ ಇಟ್ಟು ಕೂತಿರುತ್ತಾರೆ, ಅಷ್ಟೆ.

ಇದೆಲ್ಲವನ್ನೂ ನಾವು ಹೊತ್ತೆವು. ಕೆಮ್ಮುವ ಕಡೆ ಕೆಮ್ಮಿದೆವು, ಹಣೆ ಒರೆಸುವ ಕಡೆ ಒರೆಸಿದೆವು. ನನ್ನ ಗುರು ಪಿಳ್ಳಮ್ಮ ನುಡಿಸುವಾಗ ನೀರಿನ ಲೋಟ ಚಾಚುವ ಕೈ ನನ್ನದಾಗಿತ್ತು. ಬೆರಳುಗಳು ಲೋಟದ ಯಾವ ಎತ್ತರದಲ್ಲಿ ಇರಬೇಕು ಎಂಬುದಕ್ಕೇ ಪೆಟ್ಟು ತಿಂದಿದ್ದೇನೆ. ಮೂರನೆಯ ಮಟ್ಟಿನ ಕೊನೆಯಲ್ಲಿ ನಿಮ್ಮ ತಂದೆ ಯಾರನ್ನೋ ನೆನೆದ ಹಾಗೆ ಸಣ್ಣಗೆ ನಗುತ್ತಾರೆ. ಆ ನಗು ನಾಲ್ಕು ತಲೆಮಾರಿನಲ್ಲಿ ಯಾರಿಗೂ ಸರಿಯಾಗಿ ಬರಲಿಲ್ಲ. ಪಿಳ್ಳಮ್ಮ ನಕ್ಕರೆ ಹಲ್ಲುನೋವು ಬಂದವರ ಹಾಗೆ ಕಾಣುತ್ತಿತ್ತು, ಹಾಗೆಂದು ಹೇಳುವ ಧೈರ್ಯ ಮಾತ್ರ ಊರಲ್ಲಿ ಯಾರಿಗೂ ಇರಲಿಲ್ಲ.

ಈಗ ಮುಖ್ಯ ವಿಷಯ. ಚಿತ್ರದಲ್ಲಿ ನಿಮ್ಮ ತಂದೆಯ ಎಡಗೈಯ ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಅಂಗೈಯೊಳಗೆ ಮಡಿಸಿಕೊಂಡಿರುತ್ತವೆ. ನುಡಿಸುವುದು ಉಳಿದ ಎಂಟೇ. ಎಸ್ತರಮ್ಮ, ನಿಮಗೆ ಇದರ ಅರ್ಥ ನೋಡಿದ ಕೂಡಲೇ ತಿಳಿದಿರುತ್ತದೆ. ಆದರೆ ನಮಗೆ ಇನ್ನೊಬ್ಬ ಪಿಯಾನೊಗಾರ ಗೊತ್ತಿಲ್ಲ. ಉಳಿದದ್ದು ಒಂದು ಪಿಯಾನೊ, ಒಂದು ಚಿತ್ರ. ಬೇರೆಯವರು ಹೇಗೆ ನುಡಿಸುತ್ತಿದ್ದರು ಎಂದು ತೋರಿಸುವ ಒಂದು ಗೆರೆಯೂ ಕಲ್ಲಿನಲ್ಲಿ ಉಳಿದಿಲ್ಲ. ಕೆಮ್ಮು ರೋಗ, ಬೆರಳು ಮಡಿಸುವುದು ವಿದ್ಯೆ ಎಂದು ನಾವು ವಿಂಗಡಿಸಿಕೊಂಡೆವು. ಪಿಯಾನೊ ಎಂದರೆ ಎಂಟು ಬೆರಳಿನ ವಾದ್ಯ ಎಂದು ನಮ್ಮ ಶಾಲೆಯ ಮಕ್ಕಳು ಬಾಯಿಪಾಠ ಹೇಳುತ್ತಾರೆ. ಕಲಿಯಲು ಬಂದ ಮಗುವಿನ ಎಡಗೈಯ ಆ ಎರಡು ಬೆರಳನ್ನು ಮೊದಲ ದಿನವೇ ಮಡಿಸಿ ಬಟ್ಟೆಯಿಂದ ಕಟ್ಟುತ್ತೇವೆ. ಅದಕ್ಕೆ ಬೆರಳುಕಟ್ಟು ಎಂದು ಹೆಸರು. ಅವತ್ತು ಬೆಲ್ಲ ಹಂಚುತ್ತೇವೆ, ಸೋದರಮಾವ ಹೊಸ ಬಟ್ಟೆ ತರುತ್ತಾನೆ. ಉಣ್ಣುವಾಗ, ಮೀಯುವಾಗ ಬಿಚ್ಚಬಹುದು, ಮಿಕ್ಕಂತೆ ಕಟ್ಟಿರಬೇಕು. ಬೆಳೆಯುತ್ತಾ ಆ ಎರಡು ಬೆರಳು ಸಣ್ಣಗಾಗಿ ಒಳಕ್ಕೆ ಬಾಗುತ್ತವೆ, ಕಟ್ಟೇ ಬೇಡವಾಗುತ್ತದೆ. ಹೆಣ್ಣು ನೋಡಲು ಬಂದವರು ಆ ಕೈ ನೋಡಿ ಇವಳು ಪಿಯಾನೊದವಳು ಎಂದು ಗೌರವದಿಂದ ಮಾತಾಡುತ್ತಾರೆ. ನನಗೂ ಅಂಥ ಗೌರವ ಸಿಕ್ಕಿದೆ, ಸುಳ್ಳು ಯಾಕೆ ಹೇಳಲಿ, ಖುಷಿಯಾಗಿಯೂ ಇತ್ತು.

ಇನ್ನೊಂದು ಇದೆ. ಏಳು ಮಟ್ಟುಗಳಲ್ಲಿ ಅಲ್ಲಲ್ಲಿ ನಿಮ್ಮ ತಂದೆಯ ಎಡ ಹೆಗಲು ತಟ್ಟನೆ ಮೇಲೇರಿ ಇಳಿಯುತ್ತದೆ. ಅದನ್ನು ನಾವು ಹೆಗಲೆತ್ತು ಎಂದು ಕರೆದು ಒಂದು ಅಲಂಕಾರವೆಂದು ಕಲಿತೆವು. ಹೆಗಲೆತ್ತು ಸೊಗಸಾಗಿ ಬರುವುದು ಒಳ್ಳೆಯ ಹೊರೆಗಾರರ ಲಕ್ಷಣ ಎಂದು ಪಿಳ್ಳಮ್ಮ ಹೇಳುತ್ತಿದ್ದಳು. ಕನ್ನಡಿ ಮುಂದೆ ನಿಂತು ಬರಿಯ ಹೆಗಲನ್ನೇ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದ್ದಳು. ನನ್ನ ಹೆಗಲೆತ್ತು ಊರಿಗೇ ಹೆಸರಾಗಿತ್ತು.

ಹೋದ ಬೇಸಿಗೆ ಒಂದು ದಿನ ಎದ್ದಾಗ ನನ್ನ ಎಡಗೈಯ ನಡುಬೆರಳೂ ತೋರುಬೆರಳೂ ನನ್ನ ಮಾತು ಕೇಳಲಿಲ್ಲ. ನೀರಿನ ಚೊಂಬು ಜಾರಿ ಬಿತ್ತು. ಆಸ್ಪತ್ರೆಯ ಹುಡುಗಿ ನೋಡಿ, ತಲೆಯ ಒಳಗೆಲ್ಲೋ ರಕ್ತ ನಿಂತಿದೆ, ಪುಣ್ಯಕ್ಕೆ ಇಷ್ಟರಲ್ಲೇ ಹೋಯಿತು ಎಂದಳು. ವಯಸ್ಸಾಯಿತಲ್ಲ, ಊರು ಹೋಗು ಅನ್ನುತ್ತದೆ ಕಾಡು ಬಾ ಅನ್ನುತ್ತದೆ, ಅದರಲ್ಲಿ ಆಶ್ಚರ್ಯವಿಲ್ಲ. ಕೆಲವು ದಿನ ಬಿಟ್ಟು, ಅಭ್ಯಾಸಬಲದಿಂದ ಪಿಯಾನೊ ಮುಂದೆ ಕೂತೆ. ಎರಡನೆಯ ಮಟ್ಟಿನ ನಡುವೆ, ತೋರುಬೆರಳು ಬೀಳಬೇಕಾದ ಮನೆಯ ಹತ್ತಿರ ಬಂದಾಗ (ಬಿಳಿ ಕರಿ ಪಟ್ಟಿಗಳನ್ನು ನಾವು ಮನೆ ಎನ್ನುತ್ತೇವೆ) ಬೆರಳು ಬೀಳಲಿಲ್ಲ. ಅದನ್ನು ಬೀಳಿಸಬೇಕೆಂದು ನಾನು ಪ್ರಯತ್ನಿಸಿದೆ. ಆಗ ನನ್ನ ಎಡ ಹೆಗಲು ತಾನಾಗಿ ತಟ್ಟನೆ ಮೇಲೇರಿ ಇಳಿಯಿತು. ಕನ್ನಡಿ ಮುಂದೆ ಕಲಿತ ಹೆಗಲೆತ್ತಿಗಿಂತ ಅದು ಸರಿಯಾಗಿತ್ತು.

ನಾನು ಪಿಯಾನೊದಿಂದ ಕೈ ತೆಗೆದೆ. ಸತ್ತ ಬೆರಳಿಗೆ ಜೀವ ತುಂಬಲು ಮೈ ಹೆಗಲಿನಿಂದ ಪ್ರಯತ್ನಿಸುತ್ತದೆ. ನಿಮ್ಮ ತಂದೆ ಅಲಂಕಾರ ಮಾಡುತ್ತಿರಲಿಲ್ಲ. ಆ ಎರಡು ಬೆರಳನ್ನು ಅವರು ಮಡಿಸಿಕೊಂಡಿರಲಿಲ್ಲ, ಅವು ಸತ್ತಿದ್ದವು. ಹೆಗಲು ಏರಿದ ಒಂದೊಂದು ಕಡೆಯೂ ಅವರು ಏನನ್ನೋ ನುಡಿಸಲು ನೋಡಿ, ಆಗದೆ, ಮುಂದೆ ಹೋಗಿದ್ದಾರೆ. ನಾವು ಸಂಗೀತವನ್ನು ಬಿಟ್ಟು ರೋಗವನ್ನು ಹೊತ್ತಿದ್ದೆವು. ಎಷ್ಟು ಮಕ್ಕಳ ಬೆರಳು ಕಟ್ಟಿ, ಬೆಲ್ಲ ಬೇರೆ ಹಂಚಿದ್ದೇವೆ! ನನಗೆ ಮೊದಲು ಬಂದದ್ದು ನಗು. ಆಮೇಲೆ ಕೋಪ, ಯಾರ ಮೇಲೆ ಎಂದು ಗೊತ್ತಿಲ್ಲದ ಕೋಪ. ಸ್ವಲ್ಪ ನಿಮ್ಮ ಮೇಲೂ ಇತ್ತು.

ನನ್ನ ಶಿಷ್ಯೆ ಸಪ್ಪಲಿ ಎಂಬವಳು. ಹಗಲು ಪಂಪಿನ ಮನೆಯಲ್ಲಿ ಕೆಲಸ, ಸಂಜೆ ನನ್ನ ಹತ್ತಿರ. ಮದುವೆಯಾಗಿ ಒಂದು ಮಗುವಿದೆ. ಮಾತು ಒರಟು, ಕಿವಿ ಮಾತ್ರ ದೇವರು ಕೊಟ್ಟದ್ದು. ನನ್ನ ನಂತರ ನಿಮ್ಮ ಚಿತ್ರವನ್ನು ಹೊರಬೇಕಾದವಳು ಅವಳೊಬ್ಬಳೇ, ಬೇರೆ ಯಾರೂ ಇಲ್ಲ. ಅವಳಿಗೆ ಹೇಳಿದೆ. ಅವಳು ತನ್ನ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಕಡ್ಡಿಯ ಹಾಗಿದ್ದ ಆ ಎರಡು ಬೆರಳನ್ನು ಬಲಗೈಯಿಂದ ನೆಟ್ಟಗೆ ಮಾಡಿದಳು, ಬಿಟ್ಟ ಕೂಡಲೇ ಒಳಕ್ಕೆ ಹೋದವು. "ಇವು ಎದ್ದೇಳ್ತವಾ ಅಜ್ಜಿ?" ಎಂದು ಕೇಳಿದಳು. ನನಗೆ ತಿಳಿಯದು ಎಂದೆ.

ಎದ್ದವು. ಪೂರ್ತಿ ಅಲ್ಲ, ಆದರೆ ಎದ್ದವು. ದಿನಾ ಬಿಸಿನೀರಿನಲ್ಲಿ ಅದ್ದಿ, ಹರಳೆಣ್ಣೆ ತಿಕ್ಕಿ, ಅಳುತ್ತಾ ಬೈಯುತ್ತಾ ಅವನ್ನು ನೆಟ್ಟಗೆ ಮಾಡಿದಳು. ಮಳೆಗಾಲ ಬರುವ ಹೊತ್ತಿಗೆ ಕಿರುಬೆರಳು ಒಂದು ಮನೆಯನ್ನು ಒತ್ತುವಷ್ಟಾಯಿತು. ನಮ್ಮ ಪಿಯಾನೊದಲ್ಲಿ ಎಡತುದಿಯ ಮನೆಗಳು ಹೊಸದರ ಹಾಗೇ ಇವೆ, ಏಕೆಂದರೆ ಅಲ್ಲಿಗೆ ಯಾರ ಬೆರಳೂ ಹೋಗಿಲ್ಲ. ನಡುವಿನ ಮನೆಗಳು ಸವೆದು ಹಳ್ಳ ಬಿದ್ದಿವೆ. ಸಪ್ಪಲಿ ಮೊದಲ ಸಲ ಆ ಎಡತುದಿಯನ್ನು ಒತ್ತಿದಾಗ ಒಳಗಿನಿಂದ ಧೂಳು ಎದ್ದಿತು. ಬಂದ ಸದ್ದು ನೆಲದ ಕೆಳಗಿನಿಂದ, ಪಂಪುಗಳಿಗಿಂತ ಕೆಳಗಿನಿಂದ ಬಂದ ಹಾಗಿತ್ತು. ಪಕ್ಕದ ಮನೆಯವರು ಏನೋ ಕುಸಿಯಿತೆಂದು ಓಡಿ ಬಂದರು. ಹೆಗಲೆತ್ತು ಬರುವ ಕಡೆಗಳಲ್ಲಿ ಅವಳು ಆ ಮನೆಗಳನ್ನು ಹುಡುಕಿ ಹುಡುಕಿ ಒತ್ತತೊಡಗಿದಳು. ಎಷ್ಟೋ ವರ್ಷ ನಾನು ನುಡಿಸಿದ ಮಟ್ಟುಗಳ ಕೆಳಗೆ ಯಾರೋ ಹಾಸುಗಲ್ಲು ಹಾಸಿದಂತಾಯಿತು. ನಾನು ಅದುವರೆಗೆ ಸುಂದರವೆಂದು ತಿಳಿದದ್ದರ ಅರ್ಧವನ್ನು ಮಾತ್ರ ಕೇಳಿದ್ದೆ ಎಂದು ಅವತ್ತು ಅರಿವಾಯಿತು, ಅವತ್ತು ಅತ್ತೆ.

ಅಷ್ಟರಲ್ಲಿ ಕಲ್ಲಿನ ಇನ್ನೊಂದು ಮೂಲೆ ಸತ್ತಿತು, ತೂಕ ಕರೆದರು. ಚೀಟಿ ಎತ್ತಿದಾಗ ಎದುರುಬದುರು ಬಂದದ್ದು ನಿಮ್ಮ ಚಿತ್ರ ಮತ್ತು ಒಬ್ಬಟ್ಟಿನ ಚಿತ್ರ. ನಿಮ್ಮ ಕಾಲದ ಯಾವಳೋ ಒಬ್ಬ ಗೃಹಿಣಿ ತನ್ನ ಅಡುಗೆಮನೆಯಲ್ಲಿ ಒಬ್ಬಟ್ಟು ಮಾಡಿ ತೋರಿಸಿದ ಚಿತ್ರ ಅದು. ಅದರ ಹೊರೆಗಾರ್ತಿ ಚಿಕ್ಕತಾಯಿ, ಒಳ್ಳೆಯ ಹೆಂಗಸು. ಆ ಹೊರೆಯ ತೂಕಕ್ಕೆ ಊರಿಗೆ ಊರೇ ಬರುತ್ತದೆ, ಹೊತ್ತದ್ದನ್ನು ಕೊನೆಗೆ ತಿನ್ನಬಹುದಲ್ಲ! ಒಬ್ಬಟ್ಟಿನ ಎದುರು ಪಿಯಾನೊ ಏನು ಗೆದ್ದೀತು ಎಂದು ಜನ ನಕ್ಕರು. ಆದರೆ ನಿಯಮದ ಪ್ರಕಾರ ನೋಡಿದರೆ ಗೆಲುವು ನಮ್ಮದೇ. ಏಲಕ್ಕಿ ಎಂಬುದು ಎಲ್ಲೂ ಇಲ್ಲ, ಚಿಕ್ಕತಾಯಿ ಅದರ ಜಾಗದಲ್ಲಿ ಬೇರೆ ಏನನ್ನೋ ಕುಟ್ಟಿ ಹಾಕುತ್ತಾಳೆ. ಅದೊಂದು ಚೆಲ್ಲು ಆಗಲೇ ಲೆಕ್ಕಕ್ಕೆ ಬಂದಿತ್ತು. ಸಪ್ಪಲಿ ಎಂಟು ಬೆರಳಿನಲ್ಲಿ, ಕೆಮ್ಮು ಹೆಗಲೆತ್ತು ಸಮೇತ ನುಡಿಸಿದರೆ ಒಂದು ಹನಿಯೂ ಚೆಲ್ಲುವುದಿಲ್ಲ.

ಅತ್ತ ದರಿ ಇತ್ತ ಪುಲಿ ಎಂಬ ಮಾತು ನಿಮ್ಮಲ್ಲೂ ಇದ್ದಿರಬೇಕು. ಹತ್ತು ಬೆರಳಿನಲ್ಲಿ ನುಡಿಸಿದರೆ ಚಿತ್ರ ಅಳಿಯುತ್ತದೆ, ನಿಮ್ಮ ತಂದೆಯ ಮುಖ ಮುಂದೆ ಯಾರೂ ನೋಡಲಾರರು. ಎಂಟರಲ್ಲಿ ನುಡಿಸಿದರೆ ಚಿತ್ರ ಉಳಿಯುತ್ತದೆ, ಜೊತೆಗೆ ಬೆರಳುಕಟ್ಟೂ ಉಳಿಯುತ್ತದೆ. ಸಪ್ಪಲಿಯ ಮಗುವಿನ ಕೈಗೂ ಒಂದು ದಿನ ಬಟ್ಟೆ ಬರುತ್ತದೆ. ನಾನು ಮುದುಕಿ, ದಣಿದಿದ್ದೆ. ಇದೊಂದು ಸಲ ಕಟ್ಟಿಕೊಂಡು ನುಡಿಸು, ಆಮೇಲೆ ನಿನ್ನ ಇಷ್ಟ ಎಂದೆ. ಅವಳು, "ಕಟ್ಕೊಂಡೇ ಗೆಲ್ಲೋದಾದ್ರೆ ಗೆದ್ದು ಏನ್ ಮಾಡಾನ ಅಜ್ಜಿ?" ಎಂದಳು. ಆದರೂ ನಿನ್ನೆ ಬಟ್ಟೆ ಕಟ್ಟಿಕೊಂಡೇ ಬಂದಳು, ನನ್ನ ಮುಖ ನೋಡಿ.

ತೂಕದ ಸಭೆಗೆ ಬೈಚಪ್ಪ ಹಿರಿಯ. ಎರಡನೆಯ ಮಟ್ಟದ ದೊಡ್ಡ ಪಡಸಾಲೆ ತುಂಬಿತ್ತು, ಚಿಕ್ಕತಾಯಿಯ ಸರದಿ ಮುಗಿದು ಎಲ್ಲರ ಬಾಯಲ್ಲೂ ಒಬ್ಬಟ್ಟು. ಗೋಡೆಯ ಮೇಲೆ ನಿಮ್ಮ ತಂದೆ ನಡೆದು ಬಂದರು, ಕೆಳಗೆ ಸಪ್ಪಲಿ ನಡೆದು ಬಂದಳು. ಇಬ್ಬರೂ ಒಟ್ಟಿಗೆ ಕೂತರು, ಒಟ್ಟಿಗೆ ಕೆಮ್ಮಿದರು. ಆರು ಮಟ್ಟು ಎಲ್ಲೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಹೋದವು. ಮೂರನೆಯದರ ನಗು ಕೂಡ ಹೆಚ್ಚುಕಡಿಮೆ ಬಂತು. ಗೆದ್ದೆವು ಎಂದುಕೊಂಡೆ, ಮನಸ್ಸಿಗೆ ಸಂತೋಷವೂ ಆಗಿತ್ತು.

ಏಳನೆಯದು ನಿಧಾನದ ಮಟ್ಟು, ಹೆಗಲೆತ್ತು ಅದರಲ್ಲೇ ಹೆಚ್ಚು. ಮೊದಲನೆಯ ಹೆಗಲೆತ್ತು ಬಂತು. ಗೋಡೆಯ ಮೇಲೆ ನಿಮ್ಮ ತಂದೆಯ ಹೆಗಲು ಏರಿತು, ಬೆರಳು ಬೀಳಲಿಲ್ಲ, ಅವರ ಮುಖದಲ್ಲಿ ಏನೋ ಹಾದು ಹೋಯಿತು. ಸಪ್ಪಲಿ ತಲೆ ಎತ್ತಿ ಆ ಮುಖವನ್ನು ನೋಡಿದಳು. ನೋಡಬಾರದಿತ್ತು, ಹೊರೆಗಾರರು ಗೋಡೆ ನೋಡುವಂತಿಲ್ಲ. ನೋಡಿ, ಎಡಗೈಯನ್ನು ಬಾಯಿಗೆ ತಂದು ಹಲ್ಲಿನಿಂದ ಬಟ್ಟೆಯ ಗಂಟನ್ನು ಎಳೆದು ಬಿಚ್ಚಿದಳು. ಬಲಗೈ ನಿಲ್ಲಲಿಲ್ಲ. ಎರಡನೆಯ ಹೆಗಲೆತ್ತು ಬಂದಾಗ ಅವರ ಬೆರಳು ಬೀಳದ ಮನೆಯ ಮೇಲೆ ಅವಳ ಬೆರಳು ಬಿತ್ತು. ಆಮೇಲೆ ಕೊನೆಯವರೆಗೂ ಅದೇ ಕ್ರಮ. ಅವರು ಮೇಲೆ ಪ್ರಯತ್ನಿಸಿ ಸೋಲುತ್ತಿದ್ದರು, ಅವಳು ಕೆಳಗೆ ಅದನ್ನು ಕೊಡುತ್ತಿದ್ದಳು. ಬಂಡೆಗೆ ಸದ್ದು ತಾಗಿ ಜನ ಒಬ್ಬಟ್ಟು ಅಗಿಯುವುದನ್ನು ನಿಲ್ಲಿಸಿದರು. ಚಿಕ್ಕತಾಯಿ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಮುಗಿದ ಮೇಲೆ ಬೈಚಪ್ಪ ಸಪ್ಪಲಿಯ ಕಡೆ ತಿರುಗಿದ. "ಚೆಂದಾಗಿತ್ತಮ್ಮ. ಆದ್ರೆ ಚೆಲ್ತು," ಎಂದ. ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ, ನನ್ನ ಸತ್ತ ಬೆರಳುಗಳನ್ನು ಎತ್ತಿ ತೋರಿಸಿದೆ. ಇದು ಚೆಲ್ಲುವುದಲ್ಲ, ಇದುವರೆಗೆ ಚೆಲ್ಲಿದ್ದನ್ನು ತುಂಬಿದ್ದು ಎಂದೆ. ಅವನು ಸಮಾಧಾನವಾಗಿ ಕೇಳಿದ. ಕೆಟ್ಟವನಲ್ಲ. ಆಮೇಲೆ, "ನೀನು ಹೇಳೋದು ದಿಟಾನೇ ಇರಬೋದು ಚೌಡಕ್ಕ. ಆದ್ರೆ ಆವಯ್ಯ ಎಲ್ಲಾದ್ರೂ ಹೇಳವ್ನಾ, ನನ್ ಬೆರಳು ಸತ್ತೈತೆ, ಇಲ್ಲಿ ಇಂಥ ಮನೆ ಒತ್ತಬೇಕಿತ್ತು ಅಂತ? ಒಂದ್ ಮಾತು ತೋರ್ಸು, ಇವತ್ತೇ ಉಳಿಸ್ತೀನಿ," ಎಂದ. ನಾನು ಏನು ತೋರಿಸಲಿ? ಆ ಚಿತ್ರದಲ್ಲಿ ಒಂದು ಮಾತೂ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ನನಗೆ ಸಮಾಧಾನ ಹೇಳಿದರು. ನನ್ನ ಎದುರಿಗೇ ಚಿತ್ರವನ್ನು ಅಳಿಸಿದರು. ಅದಕ್ಕೆ ಹೆಚ್ಚು ಹೊತ್ತೇನೂ ಬೇಕಾಗುವುದಿಲ್ಲ.

ಬೆರಳುಕಟ್ಟು ಅಂದೇ ನಿಂತಿತು. ಹೊರೆಯೇ ಇಲ್ಲದ ಮೇಲೆ ಯಾರ ಬೆರಳನ್ನೂ ಕಟ್ಟುವ ಹಾಗಿಲ್ಲ, ಅದಕ್ಕೂ ನಿಯಮವೇ. ಇವತ್ತು ಸಂಜೆ ಕೆಲವು ಮಕ್ಕಳು ಪಿಯಾನೊದ ಎಡತುದಿಯನ್ನು ಒತ್ತಿ ಒತ್ತಿ ಓಡಿಹೋಗುತ್ತಿದ್ದಾರೆ. ಸಪ್ಪಲಿ ಅವರನ್ನು ಗದರಿಸುವ ನೆಪದಲ್ಲಿ ಕಲಿಸುತ್ತಿದ್ದಾಳೆ. ನಾನು ಗೆದ್ದೆನೋ ಸೋತೆನೋ ಎಂದು ಕೇಳಿದರೆ ಹೇಳಲಾರೆ. ನಿಮ್ಮ ತಂದೆಯ ಮುಖ ಈಗಾಗಲೇ ನನ್ನ ಕಣ್ಣಿನಲ್ಲಿ ಸ್ವಲ್ಪ ಸ್ವಲ್ಪವೇ ಪಿಳ್ಳಮ್ಮನ ಮುಖದಂತೆ ಆಗುತ್ತಿದೆ.

ಒಂದು ಸಂಗತಿ ಮಾತ್ರ ನನ್ನನ್ನು ಮಲಗಲು ಬಿಡುತ್ತಿಲ್ಲ. ಸಪ್ಪಲಿ ಒತ್ತುವ ಮನೆಗಳು ಅವಳವು. ಅವಳ ಕಿವಿಗೆ ಅಲ್ಲಿ ಅದು ಬೇಕೆನಿಸಿತು, ಒತ್ತಿದಳು. ಅದು ಚೆನ್ನಾಗಿದೆ, ಆದರೆ ಅದೇ ಎಂದು ಯಾರಿಗೆ ಗೊತ್ತು? ನಿಮ್ಮ ತಂದೆಯ ಹೆಗಲು ಏರಿದಾಗಲೆಲ್ಲ ಅವರ ತಲೆಯೊಳಗೆ ಒಂದು ಸ್ವರ ಇತ್ತು. ಕೈಗೆ ಬರಲಿಲ್ಲ, ಹೊರಗೆ ಯಾರಿಗೂ ಕೇಳಲಿಲ್ಲ, ಅವರ ಜೊತೆ ಹೋಯಿತು. ಅದು ಏನಿತ್ತು ಎಂಬುದು ನಮ್ಮ ಇಡೀ ಊರಿನಲ್ಲಿ, ಸತ್ತವರನ್ನೂ ಸೇರಿಸಿ, ಒಬ್ಬರಿಗೂ ತಿಳಿಯದು.

ನಿಮಗೆ ಮಾತ್ರ ಇನ್ನೂ ನಾಳೆ ಇದೆ. ಈ ಓಲೆ ನಿಮಗೆ ತಲುಪುತ್ತದೆ ಎಂದು ನಾನ್ಯಾವತ್ತೂ ನಂಬಿದವಳಲ್ಲ, ಇವತ್ತು ನಂಬಿ ಬರೆಯುತ್ತಿದ್ದೇನೆ. ಚಿತ್ರ ಉಳಿಸಿ ಎಂದು ಕೇಳುವುದಿಲ್ಲ, ಅದರ ಆಯಸ್ಸು ಅಷ್ಟೇ. ನಾಳೆ ಕ್ಯಾಮೆರಾ ನಿಲ್ಲಿಸಿದ ಮೇಲೆ, ಅವರು ಮುಚ್ಚಳದ ಮೇಲೆ ಕೈ ಇಟ್ಟು ಕೂತಿರುವಾಗ, ಹತ್ತಿರ ಹೋಗಿ ಕೂತುಕೊಳ್ಳಿ. ಅಪ್ಪಾ, ಆ ಎರಡು ಬೆರಳು ಅಲ್ಲಿ ಏನು ನುಡಿಸಬೇಕಿತ್ತು ಎಂದು ಕೇಳಿ. ನುಡಿಸಲಾಗದಿದ್ದರೆ ಬಾಯಲ್ಲಿ ಗುನುಗಲಿ. ಅದನ್ನು ಹಿಡಿದಿಡಬೇಕೆಂದೇನೂ ಇಲ್ಲ, ನಮಗೆ ಕಳಿಸಬೇಕೆಂದೂ ಇಲ್ಲ. ನೀವೊಬ್ಬರು ಕೇಳಿಸಿಕೊಂಡರೆ ನಾಲ್ಕು ತಲೆಮಾರು ನಾವು ಹೆಗಲೆತ್ತಿದ್ದಕ್ಕೆ ಒಂದು ಅರ್ಥ ಸಿಕ್ಕೀತು.

ಅವರು ದಣಿದಿರುತ್ತಾರೆ. ಈಗ ಯಾಕಮ್ಮ, ಬಿಡು ಎನ್ನಬಹುದು. ಬಿಡಬೇಡಿ.

ಹೊರೆ ಇಳಿಸಿದ
ಚೌಡರತ್ನ